ವೀಸ

ಕ್ಲಾಕ್ಸ್‌ವಿಕ್ ಬಂದರಿನ ನಮ್ಮ ಲೇತ್ ಶೆಡ್ಡಿಗೆ
ಡಿಸೆಂಬರಿನಲ್ಲಿ ಹಗಲು ಬರುವುದು ಕಾಫಿ ಆರಿದ ಮೇಲೆ,
ಹೊರಡುವುದು ನಾವು ಕೈ ತೊಳೆಯುವ ಮುಂಚೆ.
ಅಂಥ ಒಂದು ಹಗಲಲ್ಲಿ ಬ್ರಾಂಡುರ್ ಬಂದ,
ನಕ್ಷೆಯನ್ನು ಮೇಜಿಗೆ ಕುಕ್ಕಿದ:
"ನಾನು ದುಡ್ಡು ಕೊಟ್ಟದ್ದು ಉಕ್ಕಿಗೆ, ಹಾನುಸ್,
ತೂತಿಗಲ್ಲ."

ಅವನ ದೋಣಿಯ ಹೊಸ ಶಾಫ್ಟು:
ಮೈ ಒಂದು ಗೇಣು, ನಡುವೆ ಅರೆಗೇಣು ಬಯಲು,
ಪ್ರೊಪೆಲರಿನ ಎಲೆಗಳನ್ನು ಮಗ್ಗುಲು ಹೊರಳಿಸುವ
ಎಣ್ಣೆಗೊಂದು ಓಣಿ.

ಹಾನುಸ್ ಮಾತಾಡುವುದು ಕೈಯಲ್ಲಿ ಸೀಮೆಸುಣ್ಣವಿದ್ದರೆ ಮಾತ್ರ.
ಒಂದು ಕಡ್ಡಿ ನನಗೆ ಕೊಟ್ಟ:
"ಹಿಂಡು, ಸುನ್ವಾ, ಒದ್ದೆ ಬಟ್ಟೆ ಹಿಂಡಿದ ಹಾಗೆ."
ಹಿಂಡಿದೆ. ಲಟಕ್ಕೆಂದು ಓರೆಯಾಗಿ, ಸುರುಳಿಯಾಗಿ ಮುರಿಯಿತು.
"ಬಿರುಕು ಹುಟ್ಟಿದ್ದೆಲ್ಲಿ?"
"ಮೈಮೇಲೆ."
"ಆಗ ನಟ್ಟನಡು ಏನು ಮಾಡುತ್ತಿತ್ತು?"
ನನಗೆ ಗೊತ್ತಿರಲಿಲ್ಲ.
"ಕೈಕೈ ಹಿಡಿದು ಸುತ್ತು ಕುಣಿಯುತ್ತೇವಲ್ಲ,
ಹೊರಸುತ್ತಿನವರಿಗೆ ಏದುಸಿರು.
ನಡುವೆ ನಿಂತವನಿಗೆ ಬೆವರೂ ಇಲ್ಲ."

ಬ್ರಾಂಡುರ್ ನಗಲಿಲ್ಲ.
ಹಾಗಾಗಿ ತೂಕ ಹಾಕಿ, ಕೂದಲೆಳೆ ಹೆಚ್ಚುಕಡಿಮೆಯಿಲ್ಲದೆ,
ಎರಡು ತುಂಡು ಮಾಡಿದೆವು: ಗಟ್ಟಿಯದು ಸಣಕಲು, ಟೊಳ್ಳಿನದು ದಪ್ಪ.
ಎರಡರ ಬೆನ್ನಿಗೂ ಉದ್ದಕ್ಕೆ ಒಂದೊಂದು ಬಿಳಿಗೆರೆ.
ತಿರುಚುವ ಯಂತ್ರಕ್ಕೆ ಮೊದಲು ಗಟ್ಟಿಯದನ್ನು ಕೊಟ್ಟೆ.
ಗೆರೆ ವಾಲಿತು, ಬಳ್ಳಿಯಾಯಿತು,
ಹಿಡಿತ ಬಿಟ್ಟ ಮೇಲೂ ಬಳ್ಳಿಯಾಗಿಯೇ ಉಳಿಯಿತು.
ಅದೇ ಹೊರೆಗೆ ಟೊಳ್ಳಿನದು ಸ್ವಲ್ಪ ವಾಲಿ, ಬಿಟ್ಟೊಡನೆ ನೆಟ್ಟಗಾಯಿತು.
ಅದನ್ನು ಸೋಲಿಸಲು
ಇನ್ನೂ ಅರ್ಧಕ್ಕೆ ಹತ್ತಿರ ಹೇರಬೇಕಾಯಿತು.

ಬ್ರಾಂಡುರ್ ಕಡ್ಡಿಯನ್ನು ಮುಟ್ಟಿದ, ತೂತಿಗೆ ಕಣ್ಣಿಟ್ಟ,
ತಟ್ಟನೆ ಆಸೆಬುರುಕನಾದ:
"ಹಾಗಾದರೆ ಇನ್ನೂ ದಪ್ಪ, ಇನ್ನೂ ತೆಳು ಮಾಡು!"
ಹಾನುಸ್ ಬಿಸ್ಕತ್ತಿನ ತಗಡಿನ ಕೊಳವೆಯ ಮುಚ್ಚಳವೂ ತಳವೂ ಕಿತ್ತು
ಎರಡೂ ಕೈಯಲ್ಲಿ ತಿರುಚಿದ.
ಮುದುಡಿತು, ಅಜ್ಜಿಯ ಕತ್ತಿನ ಹಾಗೆ.
ಅಷ್ಟೆ. ವಿವರಣೆ ಕೊಡಲಿಲ್ಲ.

"ನನ್ನ ಶಾಫ್ಟಿನ ಹೊರಗಾತ್ರ ಅದೇ ತಾನೆ?
ಸುಮ್ಮನೆ ನಡುವಿನದು ತೆಗೆದರೆ ನಷ್ಟವೇ ಇಲ್ಲವೋ?"
"ಇದೆ," ಎಂದ ಹಾನುಸ್. "ಸುಳ್ಳು ಹೇಳುವುದಿಲ್ಲ.
ತೂಕದಲ್ಲಿ ಕಾಲು, ಬಲದಲ್ಲಿ ವೀಸ."
"ಆ ವೀಸ ಎಲ್ಲಿಗೆ ಹೋಗುತ್ತದೆ?"
ಮೀನಿನವರು ಹಾಗೇ. ಬಲೆಯಿಂದ ಜಾರಿದ್ದಕ್ಕೂ
ವಿಳಾಸ ಬೇಕು ಅವರಿಗೆ.

ಮೂರು ರಾತ್ರಿ ಬಳೆಯಂಥ ಕತ್ತಿ ಉಕ್ಕಿನೊಳಗೆ ಸುತ್ತಿ ಸುತ್ತಿ ಇಳಿಯಿತು.
ನಾಲ್ಕನೆಯ ಬೆಳಗು, ಎಣ್ಣೆ ಸುರಿಸುತ್ತ
ಇಡೀ ತಿರುಳು ನನ್ನ ತೊಟ್ಟಿಲುಪಟ್ಟಿಗೆ ಜಾರಿ ಬಂತು:
ಕತ್ತಿ ತಿಂದಷ್ಟು ಬಿಟ್ಟು ಅರೆಗೇಣಿನ ಗಟ್ಟಿ ದಂಡ.
ಬ್ರಾಂಡುರನ ವೀಸ.

ಅದನ್ನು ಅಲ್ಬಿನಾ ಕೊಂಡಳು,
ಒಬ್ಬಳೇ ಮೀನಿಗೆ ಹೋಗುವ ಪುಟ್ಟ ದೋಣಿಗೆ.
ಕತ್ತರಿಸಿ, ಎರಡು ದಿನ ಕಡೆದು, ಮಣಿಕಟ್ಟಿನ ಗಾತ್ರಕ್ಕೆ ತಂದೆ.
ಇದಕ್ಕೂ ತೂತು ಕೊರೆಯಲೇ ಎಂದೆ, ಹೊಸದಾಗಿ ಕಲಿತ ಹುಮ್ಮಸ್ಸಿನಲ್ಲಿ.
"ನಿನ್ನ ಲೆಕ್ಕ ನಿನಗಿರಲಿ, ಮಗೂ.
ನನ್ನದು ತುಂಬಿಕೊಂಡೇ ಇರಲಿ."

ಇಂದು ಎರಡೂ ದೋಣಿ ಹೊರಟವು,
ದೊಡ್ಡದು ಮುಂದೆ. ಅದರ ಬೆನ್ನಲೆಗೆ ಸಿಕ್ಕಿ
ಚಿಕ್ಕದು ಮೂಗೆತ್ತಿ ಕುಕ್ಕರಿಸಿ ಮತ್ತೆ ಎತ್ತಿ,
ಬಂದರಿನ ಗೋಡೆ ದಾಟುವಾಗ ಎಂಜಿನ್ ಕೆಮ್ಮಿತು, ಹಿಡಿಯಿತು.
ದೊಡ್ಡದರ ನಡುವೆ ಬೆವರದೆ ನಿಲ್ಲಬೇಕಿದ್ದ ಉಕ್ಕು
ಈಗ ಹೊರಸುತ್ತಿನಲ್ಲಿದೆ,
ಏದುಸಿರು ಬಿಡುತ್ತ.