ತೂತಿನ ಕಲ್ಲು

ಬಿಣಗಾ ದಾಟಿದ ಮೇಲೆ ಹೆದ್ದಾರಿಯ ಎಡಕ್ಕೆ
ಕಲ್ಲುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿಟ್ಟ ಅಂಗಡಿ.
ಚೀಲದಿಂದ ಒಂದೊಂದೇ ತೆಗೆದಿಟ್ಟೆ:
ಸೀಸೆಯಲ್ಲಿ ಮುರುಗಲ ರಸ,
ಅರಿಶಿನದ ಪೊಟ್ಟಣ, ಅರ್ಧ ಲಿಂಬೆ.
"ಊಟ ಇಲ್ಲೇ ಮಾಡ್ತೀರಾ ಅಕ್ಕ?" ಎಂದ ಹುಡುಗ.

ಮೊದಲು ಬಿಳಿಯದಕ್ಕೆ ಹಚ್ಚಿದೆ.
ಇಟಲಿಯದಂತೆ. ಮುಟ್ಟಲು ಹೆದರಿಕೆಯಾಗುವಷ್ಟು ಚಂದ.
ಹತ್ತು ನಿಮಿಷ ಬಿಟ್ಟು ಒರೆಸಿದರೆ
ಕೆನ್ನೆಗೆ ಹೊಡೆದ ಹಾಗೆ ಕೆಂಪು ನಿಂತಿತ್ತು.
ಇಟಲಿಯವರು ಸೋಲ್ಕಡಿ ಕುಡಿಯುವುದಿಲ್ಲ,
ಅವರದೇನೂ ತಪ್ಪಿಲ್ಲ.

ಬೂದುಬಣ್ಣದ್ದು ಅರಿಶಿನ ಕುಡಿಯಿತು.
ಹಸಿರು ಚುಕ್ಕೆಯದು ಎಲ್ಲವನ್ನೂ ತಡೆಯಿತು, ಆದರೆ
ಅದರ ಮೇಲೆ ಮೀನಿನ ಪೊರೆ ಬಿದ್ದರೆ
ಇವತ್ತು ಕಣ್ಣಿಗೆ ಕಾಣುವುದಿಲ್ಲ,
ನಾಳೆ ಮೂಗಿಗೆ ಕಾಣುತ್ತದೆ.

ಇವರು, ಮೂವತ್ತೊಂದು ವರ್ಷ ಚಿನ್ನ ಉಜ್ಜಿದ ರಾಯ್ಕರರು,
ಒಂದು ಕರಿಕಲ್ಲಿನ ಹತ್ತಿರ ನಿಂತೇಬಿಟ್ಟಿದ್ದರು.
ಉಂಗುರ ತೆಗೆದು ಒಂದು ಗೀಟು. ಪಾಲಿಶ್ ಹಿಡಿಯಲಿಲ್ಲ.
ಹಿಂಬದಿಗೆ ನುಸುಳಿ, ಒರಟಿನ ಮೇಲೆ ಇನ್ನೊಂದು.
"ಇದು ಸುಳ್ಳು ಹೇಳೋದಿಲ್ಲ" ಎಂದರು ಕಲ್ಲಿನ ಆಚೆಯಿಂದ.
ಈಚೆಯಿಂದ ನಾನು ರಸ ಸುರಿದು ಕಾದೆ.
ಹೇಳಲಿಲ್ಲ.

ನಲ್ಲಿಗಳ ಗೋಡೆ ಒಂದು ಮದುವೆಮನೆ:
ಹಂಸದ ಕತ್ತಿನದು, ಎಳೆದರೆ ಬೆಳೆಯುವುದು,
ಕೈಯೊಡ್ಡಿದರೆ ತಾನಾಗಿ ಸುರಿಯುವುದು.
"ಹತ್ತು ವರ್ಷ ಗ್ಯಾರಂಟಿ ಅಕ್ಕ."
"ಯಾವ ಹತ್ತು ವರ್ಷ?
ಹುಬ್ಬಳ್ಳಿಯದೋ, ಕೋಡಿಬಾಗದ್ದೋ?"
ಕಡಲಿಗೂ ನಮಗೂ ನಡುವೆ ಗಾಳಿಮರದ ಒಂದೇ ಸಾಲು.
ಗೇಟಿನ ಕೀಲು ಎರಡು ಮಳೆಗಾಲಕ್ಕೆ ಬಿಸ್ಕತ್ತಾಯಿತು,
ಫ್ರಿಜ್ಜಿನ ಕಾಲು ಹೋಯಿತು, ಹೊಲಿಗೆ ಮಿಶನ್ನು ಹೋಯಿತು.
ಉಪ್ಪು ನಮ್ಮಲ್ಲಿ ಬಾಡಿಗೆ ಕೊಡದೆ ಇದೆ.
ಹುಡುಗ ಮಾಲೀಕನ ಕಡೆ ನೋಡಿ, ದನಿ ತಗ್ಗಿಸಿ,
ಕೆಳಗಿನ ಡ್ರಾವರಿನಿಂದ ಹಿತ್ತಾಳೆಯದೊಂದು ತೆಗೆದ,
ರಸ್ತೆಬದಿ ನಲ್ಲಿಯ ದೊಡ್ಡಮ್ಮನಂಥ ಮುಖ.
"ನಮ್ಮಮ್ಮ ಹಾಕ್ಸಿದ್ದು ಇದೇ. ಬೈತಖೋಲದಲ್ಲಿ ಮನೆ."
ಎರಡು ಕೊಡು, ಎಂದೆ.
"ಎರಡ್ಯಾಕೆ?" ಇವರು.
ತಡೀರಿ.

ಬಿಲ್ಲು ಬಂತು. ಇಪ್ಪತ್ತೆರಡು ಚದರಡಿ.
"ಸಿಂಕಿನ ಜಾಗ?"
"ಅದೂ ಸೇರಿ ಅಕ್ಕ. ಇಡೀ ಕಲ್ಲು, ಆಮೇಲೆ ತೂತು."
"ಅಂದರೆ ತೂತಿಗೂ ದುಡ್ಡು."
"ಎಲ್ಲರೂ ಕೊಡ್ತಾರೆ."
ಕೊಡಲಿ. ಅರದಿಂದ ಉದುರಿದ ಧೂಳನ್ನೂ
ಕುಂಚದಲ್ಲಿ ಗುಡಿಸಿ ಡಬ್ಬಿಗೆ ಹಾಕುವ ಮನೆ ನಮ್ಮದು.
"ಹಾಗಾದರೆ ತೂತು ನನ್ನದು.
ಕಲ್ಲಿನ ಜೊತೆ ಅದನ್ನೂ ಕಳಿಸು."

ಮೇಸ್ತ್ರಿ ಇನಾಸ ಬಾಯಲ್ಲಿ ಪೆನ್ಸಿಲ್ ಕಚ್ಚಿ ಕೇಳಿದ:
"ಕಟ್ಟೆ ಎತ್ತರ?"
ಮೂವತ್ತನಾಲ್ಕು ಇಂಚು, ಎಲ್ಲರದ್ದೂ ಅಷ್ಟೇ, ಎಂದರು ಇವರು.
ನಾನು ಚಪ್ಪಲಿ ಬಿಟ್ಟು
ಮೊಣಕೈ ಮಡಚಿ ನಿಂತೆ.
ಟೇಪು ಎಳೆದು, ನಾಲ್ಕು ಕಳೆದು, ಗೋಡೆಗೆ ಗುರುತು ಹಾಕಿದ:
ಮೂವತ್ತೂವರೆ.
ಮೂರೂವರೆ ಇಂಚು. ಇಷ್ಟು ವರ್ಷ
ನನ್ನ ಬಲಭುಜದಲ್ಲಿ ಕೂತಿದ್ದದ್ದು ಅದೇ.
ಇವರು ಆ ಪೆನ್ಸಿಲ್ ಗೆರೆಯನ್ನು
ಗಿರಾಕಿಯ ಹಳೆ ಬಳೆ ನೋಡುವ ಹಾಗೆ ನೋಡುತ್ತಾ ನಿಂತರು.
ಚಾ ಆರಿತು.

ಈಗ ಹಿತ್ತಿಲ ಜಗಲಿಯ ನೆಲದಲ್ಲಿ
ಎರಡಡಿ ಉದ್ದ, ಒಂದೂವರೆ ಅಗಲ, ತೂತು ಇದೆ.
ನುಣುಪು ಕೆಳಗೆ, ಒರಟು ಮೇಲೆ, ಮೀನು ಜಾರಬಾರದು.
ಅದರ ಮೇಲೆ ಗೇಣೆತ್ತರದಲ್ಲಿ ಎರಡನೇ ನಲ್ಲಿ.
ಅಷ್ಟು ಕೆಳಗೆ ಯಾರು ಹಾಕ್ಸ್ತಾರೆ ಎಂದು
ಪ್ಲಂಬರು ಎರಡು ಸಲ ವಾಪಸು ಹೋಗಿದ್ದ.
ಮಣೆ ಎಳೆದು ಕೂತು ತಾರ್ಲೆ ಉಜ್ಜುತ್ತೇನೆ.
ಬೆಕ್ಕಿಗೆ ಹೊಸ ಅಡುಗೆಮನೆಯಲ್ಲಿ ಹಿಡಿಸಿದ್ದು ಇದೊಂದೇ.

ಆ ದಿನದ ಉಂಗುರದ ಗೀಟು ಈ ತುಂಡಿನ ಮೇಲೇ ಇದೆಯಂತೆ.
ಕನ್ನಡಕ ಏರಿಸಿ, ಕುಕ್ಕುರುಗಾಲಲ್ಲಿ ಕೂತು
ಪೊರೆಗಳ ನಡುವೆ ಬೆರಳಿಡುತ್ತಾರೆ ಇವರು: "ಇಗೋ, ಇಲ್ಲಿ."
ನನಗೆ ಕಂಡದ್ದೆಲ್ಲ ಹೊಳೆಯುತ್ತದೆ.
ಸ್ವಲ್ಪ ಸರಿಯಿರಿ,
ನೀರು ಬಿಡಬೇಕು.