ಇಪ್ಪತ್ತೆರಡು

ಸ್ಯಾನ್ ಡಿಯಾಗೊ ಧಕ್ಕೆಯ ಕಿಟಕಿಯಲ್ಲಿ ಹೆಸರು ಬರೆಸಿದೆ,
ಬದಲಿಗೆ ನಂಬರು ಕೊಟ್ಟರು.
ದೋಣಿ ಇಳಿಯುವ ತನಕ ನಾನಿನ್ನು ಇಪ್ಪತ್ತೆರಡು.
ಆಸ್ಪತ್ರೆಯ ಹಾಸುಬಟ್ಟೆ ಒಗೆಯುವ ಯಂತ್ರಗಳ ನಡುವೆ
ಹನ್ನೊಂದು ವರ್ಷ ಬೆವರಿದ ಲುಜ್‌ವಿಮಿಂಡಾ ಅಲ್ಲ,
ಹಿಡಿದ ಮೀನಿನ ಕೆನ್ನೆಗೆ ಚುಚ್ಚುವ ತಗಡು, ಅಷ್ಟೆ.

ಇಪ್ಪತ್ತೆಂಟು ಜನ, ಒಂದೇ ಕಕ್ಕಸು,
ಒಂದರ ಮೇಲೊಂದು ಮೂರು ಸಾಲು ಬಂಕು.
ನನ್ನ ಕೆಳಗೆ ಹತ್ತೊಂಬತ್ತು ಮಲಗಿದ್ದ,
ಸೆರಾಫಿಂ, ಎಂಬತ್ತು ಮುಟ್ಟಿದ ಮುದುಕ,
ಗೊರಕೆಯ ನಡುವೆ ಪೋರ್ಚುಗೀಸಿನಲ್ಲಿ ಯಾರನ್ನೋ ಬೈಯುತ್ತ.

ಕಾಫಿಯ ಹೊತ್ತಿಗೆ ತಾನೇ ಶುರುಮಾಡಿದ:
"ಹದಿನಾರಕ್ಕೆ ಅಪ್ಪನ ಹಡಗು ಹತ್ತಿದೆ.
ಆಗ ದೊಡ್ಡ ಟ್ಯೂನಾಗೆ ಒಂದು ಗಾಳ, ಮೂರು ಬಿದಿರು.
ಮೂವರೂ ಸಾಲಾಗಿ ನಿಂತು ಒಮ್ಮೆಗೇ ಎತ್ತಬೇಕು.
ಒಬ್ಬ ಅರೆಗಳಿಗೆ ತಡವಾದನೋ,
ಉಳಿದಿಬ್ಬರ ಸೊಂಟ ಉಳುಕಿತು ಅಂತ ಇಟ್ಟುಕೋ."
ಸಕ್ಕರೆ ಕರಗಿ ಎಷ್ಟೋ ಹೊತ್ತಾದರೂ
ಅವನ ಬೆರಳಲ್ಲಿ ಚಮಚ ಲೋಟಕ್ಕೆ ಬಡಿಯುತ್ತಲೇ ಇತ್ತು.

ಬೆಳಗಿನಿಂದ ಒಂದೇ ಒಂದು ಬೊನಿಟೊ, ಅದೂ ನನ್ನದೇ.
ನೀರು ಇಸ್ತ್ರಿ ಹಾಕಿದ ಹಾಸು. ದೂರದಲ್ಲಿ ಕಡಲಕಳೆಯ ರಾಶಿ,
ಅದರ ಮೇಲೆ ಸಂಸಾರ ಹೂಡಿದಂತೆ ನಿಂತ ಒಂಟಿ ಕೊಕ್ಕರೆ.
ಹನ್ನೊಂದನೇ ನಂಬರಿನವ ವಾಂತಿ ಮಾಡಿ ಮಾಡಿ
ದೇವರಿಗಿಂತ ಹೆಚ್ಚಾಗಿ ಭಾವಮೈದುನನನ್ನು ನೆನೆದ,
ಟಿಕೆಟು ಅವನ ಉಡುಗೊರೆಯಂತೆ.

ಹನ್ನೊಂದೂವರೆಗೆ ಮೇಲಿನಿಂದ ಕಪ್ತಾನನ ದನಿ ಒಡೆಯಿತು:
"ಬಂತು, ಬಂತು, ಗಾಳ ಬಿಡಿ!"
ಕೆಲಸದ ಹುಡುಗ ಡೆಸ್ಮಂಡ್ ಬೊಗಸೆ ಬೊಗಸೆ ಸಾರ್ಡೀನು ಚೆಲ್ಲಿದ.
ಕಡಲು ಕೊತಕೊತ ಕುದಿಯಿತು.

ಆಮೇಲೆ ನಂಬರುಗಳೂ ಉಳಿಯಲಿಲ್ಲ.
ಬರೀ ಮೊಣಕೈ, ಬೈಗುಳ, ಕಟಕಟೆಗೆ ಒತ್ತಿದ ಹೊಟ್ಟೆಗಳು,
ಒಬ್ಬರ ಕಂಕುಳ ಕೆಳಗೆ ಇನ್ನೊಬ್ಬರು ನುಗ್ಗಿ
ಮೀನು ಓಡಿದತ್ತ ಓಡುವುದು.
ನನ್ನ ನೂಲು ಚುರ್ರೆಂದು ಇಳಿಯಿತು.
ಹಿಡಿದೆ. ಬಾಗಿದೆ. ಎರಡು ಸುತ್ತು ಸುತ್ತಿದರೆ
ಮೂರು ಸುತ್ತು ಕಸಿದುಕೊಂಡು ಹೋಗುವ ಭಾರ.
ಕೆಳಗೆಲ್ಲೋ ಒಂದು ಜೀವ
ತಲೆ ಒದರುವುದು ನನ್ನ ಹಲ್ಲಿಗೆ ತಿಳಿಯುತ್ತಿತ್ತು.
ಅರ್ಧ ಗಂಟೆ. ಬದುಕಿನಲ್ಲಿ ಯಾರನ್ನೂ
ಅಷ್ಟು ಹೊತ್ತು ಒಂದೇ ಸಮನೆ ನೆನೆದವಳಲ್ಲ ನಾನು.

ಆಗ ಕಂಡಿತು: ನನ್ನ ನೂಲು, ಹತ್ತೊಂಬತ್ತರ ನೂಲು
ಜಡೆ ಹೆಣೆದುಕೊಂಡಿವೆ.
ಡೆಸ್ಮಂಡ್ ಬಂದ, ಬಾಯಲ್ಲಿ ಚಾಕು.
ಎರಡೂ ಎಳೆಗಳನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿದ,
ಪಂಡಿತರು ನಾಡಿ ಹಿಡಿದಂತೆ, ಕಣ್ಣು ಮುಚ್ಚಿ.
"ಅಕ್ಕಾ, ನಿನ್ನದರಲ್ಲಿ ಮೀನಿಲ್ಲ.
ನೀನು ಎಳೆಯುತ್ತಿರುವುದು ಅವರ ಮೀನನ್ನು."
ಕಚಕ್.
ಕೋಲು ತಟ್ಟನೆ ನೆಟ್ಟಗಾಯಿತು.
ನಾನು ಮಾತ್ರ ಬಾಗಿಯೇ ನಿಂತಿದ್ದೆ.

ಪಕ್ಕದಲ್ಲಿ ಸೆರಾಫಿಂನ ಭುಜ ಗಡಗಡ.
ರೀಲಿನ ಹಿಡಿಯನ್ನು ಎರಡೂ ಕೈಯಲ್ಲಿ ಅವಚಿಕೊಂಡಿದ್ದಾನೆ,
ಸುತ್ತಲಾರ, ಬಿಡಲಾರ.
ಡೆಸ್ಮಂಡ್ ಕೈ ಚಾಚಿದ; ಮುದುಕ ಬೇಡವೆಂದ.
ಕೋಲನ್ನು ನನ್ನತ್ತ ನೂಕಿದ:
"ನೀನು ಹಿಡಿ. ನಿನಗೆ ಅದರ ಪರಿಚಯ ಉಂಟು."

ಹಿಡಿದೆ. ಹೌದು, ಅದೇ. ಅದೇ ತಲೆ, ಅದೇ ಹಟ.
ಅವನು ನನ್ನ ಬೆನ್ನಿಗೆ ನಿಂತು, ಮುಟ್ಟದೆ,
"ಈಗ... ಈಗ..." ಎನ್ನುತ್ತಿದ್ದ,
ಮೂರನೆಯವ ಇನ್ನೂ ಬರಬೇಕು ಎಂಬಂತೆ.
ಕೊನೆಗೆ ನೀಲಿಯ ಆಳದಿಂದ ಬೆಳ್ಳನೆಯ ತಟ್ಟೆಯೊಂದು
ಸುತ್ತುತ್ತ ಸುತ್ತುತ್ತ ಮೇಲೆ ಬಂತು.
ಕೊಕ್ಕೆಗೋಲು ಬಿತ್ತು. ಡೆಕ್ಕಿನ ತುಂಬ ನೆತ್ತರು,
ಬಾಲ ಹಲಗೆಯನ್ನು ಬಡಿಬಡಿದು ನಿಂತಿತು.
ಕೆನ್ನೆಗೆ ತಗಡು ಚುಚ್ಚಿದರು: ಹತ್ತೊಂಬತ್ತು.

ಧಕ್ಕೆಯಲ್ಲಿ ತೂಗಿದಾಗ ತೊಂಬತ್ತೆರಡು ಪೌಂಡು.
ಇಪ್ಪತ್ತೆರಡು ಎಂದು ಕೂಗಿ ನನ್ನ ಮುಂದೆ ಎಸೆದದ್ದು
ಮೊಣಕೈಯುದ್ದದ ಬೊನಿಟೊ.
ಸೆರಾಫಿಂನ ಮಗಳು ಕಾರಿನ ಕೀಲಿ ಆಡಿಸುತ್ತ ಬಂದಳು.
"ಈ ಭುಜದಲ್ಲಿ? ನೀವೇ ಎಳೆದಿರಾ?"
"ಮತ್ತ್ಯಾರು ಎಳೀತಾರೆ?"
ಅವನು ನನ್ನತ್ತ ನೋಡಲಿಲ್ಲ.
ಅವಳು ನೋಡಿದಳು.
"ಒಬ್ಬರೇ," ಅಂದೆ, "ಪಕ್ಕದಲ್ಲೇ ಇದ್ದೆನಲ್ಲ."

ರಾತ್ರಿ ಬೊನಿಟೊಗೆ ನಿಂಬೆ ಹಿಂಡುವಾಗ
ಹೆಬ್ಬೆರಳಲ್ಲಿ ನೂಲು ಕೊಯ್ದ ಗೀರು ಉರಿಯಿತು.
ಚೆನ್ನಾಗಿಯೇ ಉರಿಯಿತು.