ಸೋಮವಾರ ರಜೆ

ಮಿತ್ಸುಯೊಳ ಕ್ಷೌರದಂಗಡಿಯಲ್ಲಿ
ಆ ಬಳ್ಳಿಯನ್ನು ನಾನು ನೋಡಿದ್ದೆಲ್ಲ ಕನ್ನಡಿಯೊಳಗೇ.
ತಿಂಗಳಿಗೊಮ್ಮೆ ಕುರ್ಚಿ, ಕುತ್ತಿಗೆಗೆ ಬಿಳಿ ಬಟ್ಟೆ,
ಬೆನ್ನ ಹಿಂದೆ ಕಿಟಕಿ, ಕಿಟಕಿಯಾಚೆ ತುಕ್ಕು ಮೆಟ್ಟಿಲು,
ಮೆಟ್ಟಿಲ ಸರಳಿಗೆ ಸುತ್ತಿ ಸುತ್ತಿ ಏರುವ ಅದು.
ಬಲಕ್ಕೆ ಸುತ್ತುತ್ತದೆಂದೇ ಎಷ್ಟೋ ಕಾಲ ನಂಬಿದ್ದೆ.

ಎಕ್ಕದ ಕುಲ. ಚಿವುಟಿದರೆ ಹಾಲು.
ನಮ್ಮ ಕಡಲಂಚಿನವರು ಕರೆಯುವುದು ರಕ್ಕಸಿ ಸೀತಾಳೆ ಎಂದು.
ಯಾಕೆ ರಕ್ಕಸಿ, ಕೇಳಿದೆ.
"ತಲೆ ಅಲ್ಲಾಡಿಸಬೇಡ," ಅಂದಳು,
"ಕಾಯಿ ಬಿರಿಯಲಿ, ಗೊತ್ತಾಗುತ್ತೆ."

ಗುಡ್ಡದ ಹಿಂದೆ ರಸ್ತೆ ಅಗಲ ಮಾಡುವಾಗ
ಬುಲ್ಡೋಜರ್ ಬಾಯಿಂದ ಬಿದ್ದ ಗೇಣುದ್ದದ ತುಂಡನ್ನು
ಒದ್ದೆ ಟವೆಲಿನಲ್ಲಿ ಸುತ್ತಿ ತಂದು ನೆಟ್ಟಿದ್ದಳು,
ಕಡಲು ದಾಟುವ ಚಿಟ್ಟೆ ಇಲ್ಲಿ ಇಳಿಯಲಿ ಎಂದು.
ದೋಣಿಯ ಕುರೊನುಮಾ ನಕ್ಕ: "ಹಾವು ಬರುತ್ತೆ ಮೊದಲು."
ಹಾವೂ ಬರಲಿಲ್ಲ.
ಒಂದು ವರ್ಷ, ಎರಡು, ಮೂರು.
ನನ್ನ ನೆತ್ತಿ ತೆಳ್ಳಗಾಯಿತು, ಬಳ್ಳಿ ದಟ್ಟವಾಯಿತು.

ನಾಲ್ಕನೆಯ ಶರತ್ತಿನಲ್ಲಿ ಒಂದು ದಿನ ಕತ್ತರಿ ಕೆಳಗಿಟ್ಟು
ಎಲೆಯೊಂದನ್ನು ತಂದು ನನ್ನ ಮಡಿಲಿಗೆ ಹಾಕಿದಳು.
ನಡುವೆ ತೂತು, ಅಂಗಿಗುಂಡಿಯಷ್ಟು ದುಂಡಗೆ.
"ಹುಳು ಮೊದಲು ಸುತ್ತ ಗೆರೆ ಕೊರೆಯುತ್ತೆ,
ಹಾಲು ಬಸಿದು ಹೋಗಲಿ ಅಂತ ಕಾಯುತ್ತೆ,
ಆಮೇಲೆ ಒಳಗಿನದನ್ನಷ್ಟೇ ಮೇಯುತ್ತೆ.
ಕಿವಿಯ ಸುತ್ತ ಗೆರೆ ಮೊದಲು ಅಂತ
ನನಗೆ ಕಲಿಸುವುದಕ್ಕೆ ನಮ್ಮ ಮಾಸ್ತರಿಗೆ ಎರಡು ವರ್ಷ ಹಿಡಿಯಿತು.
ಇದಕ್ಕೆ ಹುಟ್ಟಿ ಆರು ದಿನ."

ಜನವರಿಯಲ್ಲಿ ಅಪರೂಪಕ್ಕೆ ಹಿಮ.
ಅಂಗಡಿಯ ಬಿಳಿ ಬಟ್ಟೆಗಳನ್ನೆಲ್ಲ ಬಳ್ಳಿಗೆ ಹೊದಿಸಿ, ಕ್ಲಿಪ್ಪು ಸಿಕ್ಕಿಸಿ,
ಗಿರಾಕಿಗಳ ಕುತ್ತಿಗೆಗೆ ಹಳೇ ಪೇಪರು ಕಟ್ಟಿದಳು.
ನನ್ನ ಎದೆಯ ಮೇಲೆ ಹೋದ ವಾರದ ಮೀನಿನ ದರ.
ಕನ್ನಡಿಯೊಳಗೆ ಮೆಟ್ಟಿಲ ತುಂಬ
ಸರದಿಗೆ ಕಾದು ಕೂತ ತಲೆಯಿಲ್ಲದ ಮಂದಿ.

ಹಿಮ ಕರಗಿದ ಮೇಲೆ ಕಾಯಿ ಬಿರಿಯಿತು.
ಒಳಗಿಂದ ನರೆಗೂದಲು, ಹಿಡಿ ಹಿಡಿ, ಮಿರಿ ಮಿರಿ,
ಬಾಗಿಲ ಸಂದಿಯಲ್ಲಿ ನುಸುಳಿ ನೆಲದ ತುಂಬ ರಕ್ಕಸಿ!
ಬದುಕಿಡೀ ಕೂದಲು ಗುಡಿಸಿದವಳು
ಪೊರಕೆ ಎತ್ತಿದರೆ ಸಾಕು, ಅದೂ ಏಳುತ್ತದೆ.
ಪೊರಕೆಯನ್ನು ಗೋಡೆಗೊರಗಿಸಿ
ಗಿರಾಕಿಯ ಕುರ್ಚಿಯಲ್ಲಿ ತಾನೇ ಕೂತಳು,
ನಾನು ಕಂಡಂತೆ ಮೊದಲ ಸಲ.

ಮೇ ತಿಂಗಳಲ್ಲಿ, ಬೆಳ್ಳಿ ಚುಕ್ಕಿಯ ಹಸಿರು ಗೂಡು ಸೀಳಿ
ಒಂದು ಹೊರಬಂತು. ಬಹಳವಲ್ಲ, ಒಂದು.
ಎದುರು ಮನೆಯ ಹುಡುಗ ಇಸ್ಸೆಯ್ ಪೆನ್ನು ಹಿಡಿದು ಓಡಿಬಂದ.
ಊರು, ತಾರೀಖು ಬರೆದು ಬಿಡಬೇಕು,
ಎಲ್ಲಾದರೂ ಯಾರಾದರೂ ಹಿಡಿದರೆ ತಿಳಿಯಬೇಕಲ್ಲ.
ತಿಳಿನೀಲಿ ಗಾಜಿನ ರೆಕ್ಕೆ. ಒಂದರ ಮೇಲೆ ಅವನು ಬರೆದ.
"ಇನ್ನೊಂದಕ್ಕೆ ನಿಮ್ಮ ಹೆಸರು?"
ಅವಳು ಪೆನ್ನು ಕಸಿದು, ಬಾಗಿಲ ಬೋರ್ಡಿನಲ್ಲಿದ್ದುದನ್ನೇ ಬರೆದಳು:
ಸೋಮವಾರ ರಜೆ.
ನಮ್ಮ ಲಿಪಿಯಲ್ಲಿ ಮೂರೇ ಅಕ್ಷರ. ಮೊದಲನೆಯದು ಚಂದ್ರ.

ಜುಲೈ. ನನ್ನ ತಲೆ ಅರ್ಧ ಮುಗಿದಿತ್ತು, ಫೋನು ಬಂತು.
ಉತ್ತರದ ಯಾವುದೋ ಬೆಟ್ಟದಿಂದ ಒಬ್ಬಾಕೆ
ನಮ್ಮೂರ ಕಚೇರಿಗೆ ಕೇಳಿದ್ದಳಂತೆ:
"ನಿಮ್ಮಲ್ಲಿ ಚಂದ್ರನಿಗೆ ರಜೆಯಂತೆ, ಏನದು?"
ನಡುವಿನ ಅಕ್ಷರ ಹಕ್ಕಿಯ ಕೊಕ್ಕಿಗೋ ಗಾಳಿಗೋ ಹರಿದುಹೋಗಿದೆ.
ಕಚೇರಿಯ ಗುಮಾಸ್ತ ಹಿಂದಿನ ದಿನವಷ್ಟೇ
ಮುಚ್ಚಿದ ಬಾಗಿಲು ನೋಡಿ ತಲೆ ಕೆರೆದುಕೊಂಡು ಹೋದವನು,
ಕೂಡಲೇ ನಂಬರು ಕೊಟ್ಟ.

ಮಿತ್ಸುಯೊ ಬಹಳ ಹೊತ್ತು ಆಲಿಸಿದಳು, ಕತ್ತರಿ ಗಾಳಿಯಲ್ಲೇ.
"ಹಾರುತ್ತಿದೆಯಾ ಆದರೂ?" ಎಂದಳು.
ಆಚೆಯ ದನಿ ಏನೆಂದಿತೋ.
ಬಂದು ಇನ್ನರ್ಧ ತಲೆ ಹಿಡಿದಳು, ಮಾತಿಲ್ಲ.
ಆ ದಿನ ಎಡಗಿವಿಯ ಮೇಲೆ ಗೆರೆ ತುಸು ಸೊಟ್ಟಗಾಯಿತು.
ನಾನು ಹೇಳಲಿಲ್ಲ.